ಉಳಿದ ಉಲ್ಲನ್ ಉಂಡೆಗಳಿಂದ ಏನು ಹೆಣೆಯುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವೆಟರ್ ಮುಗಿಯುತ್ತದೆ, ಮುಕ್ಕಾಲು ಉಂಡೆ ಉಳಿಯುತ್ತದೆ. ಕಾಲುಚೀಲ ಮುಗಿಯುತ್ತದೆ, ಮುಷ್ಟಿಯಷ್ಟು ನೂಲು ಉಳಿಯುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ, ಏನು ಮಾಡಬೇಕೆಂದು ತೋಚುವುದೂ ಇಲ್ಲ. ಸಾಮಾನ್ಯವಾಗಿ ನಾವು ಮೊದಲು ಮಾದರಿ ಆರಿಸಿ, ಆಮೇಲೆ ಅದಕ್ಕೆ ಬೇಕಾದ ನೂಲು ತರುತ್ತೇವೆ. ಉಳಿಕೆ ನೂಲಿನ ಕೆಲಸದಲ್ಲಿ ಈ ಕ್ರಮ ತಿರುವುಮುರುವು. ಕೈಯಲ್ಲಿ ಎಷ್ಟಿದೆ ಎಂಬುದು ಮೊದಲು, ಏನು ಹೆಣೆಯುವುದು ಎಂಬುದು ಆಮೇಲೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ.

ಚೀಲದ ತುಂಬ ಚೂರುಪಾರು ನೂಲಿದೆ. ಎಲ್ಲಿಂದ ಶುರು ಮಾಡಲಿ?

ತಕ್ಕಡಿಯಿಂದ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದೊಂದೇ ಉಂಡೆ ತೂಗಿ, ಒಂದು ಚೀಟಿಯಲ್ಲಿ ತೂಕ ಬರೆದು ಉಂಡೆಗೇ ಸಿಕ್ಕಿಸಿ. ಲೇಬಲ್ ಇದ್ದರೆ ಗ್ರಾಮನ್ನು ಮೀಟರಿಗೆ ತಿರುಗಿಸುವುದು ಸುಲಭ. ಉದಾಹರಣೆಗೆ, ಲೇಬಲ್ ಮೇಲೆ 50 ಗ್ರಾಂ, 115 ಮೀಟರ್ ಎಂದಿದೆ, ನಿಮ್ಮಲ್ಲಿ 18 ಗ್ರಾಂ ಉಳಿದಿದೆ ಎಂದುಕೊಳ್ಳಿ. 18ನ್ನು 50ರಿಂದ ಭಾಗಿಸಿ 115ರಿಂದ ಗುಣಿಸಿದರೆ 41 ಮೀಟರ್ ಚಿಲ್ಲರೆ. ಅಷ್ಟು ನಿಮ್ಮ ಬಂಡವಾಳ.

ಆಮೇಲೆ ದಪ್ಪದ ಪ್ರಕಾರ ಗುಂಪು ಮಾಡಿ. ಬಣ್ಣದ ಪ್ರಕಾರ ಮಾಡಬೇಡಿ. ಬಣ್ಣದ ಗುಂಪು ನೋಡಲು ಚೆಂದ, ಆದರೆ ಹೆಣೆಯಲು ಕೂತಾಗ ನೆರವಿಗೆ ಬರುವುದು ದಪ್ಪದ ಗುಂಪು.

ಲೇಬಲ್ ಇಲ್ಲದಿದ್ದರೆ ದಪ್ಪ ತಿಳಿಯುವುದು ಹೇಗೆ?

ಸ್ಕೇಲಿಗೆ ನೂಲನ್ನು ಸುತ್ತಿ. ಎಳೆಯಬೇಡಿ, ಒಂದರ ಮೇಲೊಂದು ಏರದಂತೆ ಪಕ್ಕಪಕ್ಕದಲ್ಲಿ ಒಂದು ಇಂಚು ತುಂಬುವವರೆಗೆ ಸುತ್ತಿ ಎಣಿಸಿ. ಸುಮಾರು 14 ಸುತ್ತು ಅಥವಾ ಹೆಚ್ಚು ಬಂದರೆ 4 ಪ್ಲೈ ಬಗೆಯ ತೆಳು ನೂಲು, 11-12ರ ಆಸುಪಾಸಾದರೆ ಡಿಕೆ ಎನ್ನುವ ಹದ ದಪ್ಪದ ನೂಲು, 9ರ ಆಸುಪಾಸಾದರೆ ಅದಕ್ಕಿಂತ ತುಸು ದಪ್ಪದ ವರ್ಸ್ಟೆಡ್, 7 ಅಥವಾ ಕಡಿಮೆಯಾದರೆ ದಪ್ಪ ನೂಲು. ಪ್ರತಿಯೊಬ್ಬರ ಕೈ ಬಿಗಿ ಬೇರೆ, ಹಾಗಾಗಿ ಇದು ಅಂದಾಜು ಮಾತ್ರ. ಆದರೆ ಒಬ್ಬರೇ ಕೂತು ಎಲ್ಲ ಉಂಡೆಗಳನ್ನೂ ಸುತ್ತಿ ನೋಡಿದರೆ ಯಾವುದಕ್ಕೆ ಯಾವುದು ಜೋಡಿ ಎಂಬುದು ಸ್ಪಷ್ಟವಾಗಿ ಗೊತ್ತಾಗುತ್ತದೆ.

ಇದು ಉಣ್ಣೆಯೋ ಅಕ್ರಿಲಿಕ್ಕೋ ಹತ್ತಿಯೋ ಎಂದು ಹೇಗೆ ಹೇಳುವುದು?

ಬೆರಳುದ್ದದ ತುಂಡು ಕತ್ತರಿಸಿ, ಚಿಮುಟದಲ್ಲಿ ಹಿಡಿದು, ನೀರಿರುವ ಸ್ಟೀಲ್ ಪಾತ್ರೆಯ ಮೇಲೆ ತುದಿಗೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿ ಬಿಡುತ್ತದೆ. ಅಕ್ರಿಲಿಕ್ ಕರಗಿ ಹನಿಯುತ್ತದೆ, ತಣಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಆ ಹನಿ ಚರ್ಮಕ್ಕೆ ತಾಗಿದರೆ ಕೆಟ್ಟದಾಗಿ ಸುಡುತ್ತದೆ, ಹಾಗಾಗಿ ಚಿಮುಟ ಬೇಕೇ ಬೇಕು, ಮಕ್ಕಳು ಹತ್ತಿರ ಇರಬಾರದು. ಮಿಶ್ರ ನೂಲಿನಲ್ಲಿ ಎರಡೂ ಲಕ್ಷಣ ಕಲಸಿಕೊಂಡಿರುತ್ತವೆ. ಅಂಥದ್ದನ್ನು ಅಕ್ರಿಲಿಕ್ ಎಂದೇ ಎಣಿಸಿ.

10 ಗ್ರಾಮಿಗಿಂತ ಕಡಿಮೆ ಇದೆ. ಇಷ್ಟರಲ್ಲಿ ಏನಾದರೂ ಆಗುತ್ತದೆಯೇ?

ಖಂಡಿತ ಆಗುತ್ತದೆ. ಡಿಕೆ ನೂಲಿನಲ್ಲಿ 10 ಸೆಂ.ಮೀ. ಚೌಕದ ಒಂದು ಕೋಸ್ಟರಿಗೆ ಸುಮಾರು 6 ಗ್ರಾಂ ಸಾಕು. ಪುಸ್ತಕದ ಗುರುತುಪಟ್ಟಿಗೆ ಅದಕ್ಕಿಂತ ಕಡಿಮೆ. ನನಗೆ ಅತ್ಯಂತ ಪ್ರಿಯವಾದದ್ದು ಮೂಲೆಯಿಂದ ಮೂಲೆಗೆ ಹೆಣೆಯುವ ಚೌಕ. ಉಳಿಕೆ ನೂಲಿಗೆ ಇದಕ್ಕಿಂತ ಒಳ್ಳೆಯ ಆಕಾರ ನಾನು ಕಂಡಿಲ್ಲ, ಏಕೆಂದರೆ ಎಷ್ಟು ದೊಡ್ಡದಾಗಬೇಕು ಎಂದು ಮೊದಲೇ ತೀರ್ಮಾನಿಸಬೇಕಾಗಿಯೇ ಇಲ್ಲ.

4 ಮಿ.ಮೀ. ಕಡ್ಡಿಯಲ್ಲಿ 3 ಕುಣಿಕೆ ಏರಿಸಿ. ಪ್ರತಿ ಸಾಲಿನಲ್ಲೂ ಮೊದಲ ಕುಣಿಕೆಯನ್ನು ಹೆಣೆದು, ಅದರ ನಂತರ ಒಂದು ಕುಣಿಕೆ ಹೆಚ್ಚಿಸಿ, ಉಳಿದದ್ದನ್ನೆಲ್ಲ ನಿಟ್ (ಸೀದಾ ಕುಣಿಕೆ) ಮಾಡಿ. ಪರ್ಲ್ (ಉಲ್ಟಾ ಕುಣಿಕೆ) ಬೇಡವೇ ಬೇಡ, ಎರಡೂ ಬದಿ ನಿಟ್. ತ್ರಿಕೋನ ಬೆಳೆಯುತ್ತ ಹೋಗುತ್ತದೆ. ನೂಲು ಅರ್ಧ ಮುಗಿದ ತಕ್ಷಣ ಮನಸ್ಸು ಬದಲಿಸಿ: ಪ್ರತಿ ಸಾಲಿನಲ್ಲೂ ಮೊದಲ ಕುಣಿಕೆಯ ನಂತರ ಎರಡನ್ನು ಒಟ್ಟಿಗೆ ಹೆಣೆಯಿರಿ. 3 ಕುಣಿಕೆ ಉಳಿದಾಗ ಮುಚ್ಚಿಬಿಡಿ. 10 ಸೆಂ.ಮೀ. ಚೌಕವಾದರೆ ನಡುಮಧ್ಯದ ಅತಿ ಅಗಲದ ಸಾಲಿನಲ್ಲಿ ಸುಮಾರು 30 ಕುಣಿಕೆ ಇರುತ್ತವೆ.

ನೂಲು ಅರ್ಧ ಮುಗಿದದ್ದು ಗೊತ್ತಾಗುವುದು ಹೇಗೆ?

20 ಗ್ರಾಮಿಗಿಂತ ಹೆಚ್ಚಿದ್ದರೆ ತೂಗಿದರಾಯಿತು. 6 ಗ್ರಾಂ ನೂಲಿಗೆ ಅಡುಗೆಮನೆ ತಕ್ಕಡಿ ನಂಬಬೇಡಿ, ಅದು ಒಂದು ಗ್ರಾಮಿನಷ್ಟು ಆಚೀಚೆ ತೋರಿಸಬಹುದು. ಅದಕ್ಕೆ ಹಳೆಯ ಉಪಾಯವೇ ಮೇಲು. ನೂಲಿನ ಎರಡೂ ತುದಿಗಳನ್ನು ಜೋಡಿಸಿ ಹಿಡಿದು, ಜೋಡಿ ಎಳೆಯಾಗಿಯೇ ಸುತ್ತುತ್ತ ಹೋಗಿ. ಕೊನೆಗೆ ಸಿಗುವ ಮಡಿಕೆಯೇ ನಡುಮಧ್ಯ. ಅಲ್ಲಿ ಎಳೆದರೆ ಬಿಚ್ಚಿಕೊಳ್ಳುವಂಥ ಸಡಿಲ ಜಾರುಗಂಟು ಹಾಕಿ, ಮತ್ತೆ ಒಂಟಿ ಎಳೆಯಾಗಿ ಸುತ್ತಿಕೊಳ್ಳಿ. ಹೆಣೆಯುತ್ತ ಆ ಗಂಟು ಬೆರಳಿಗೆ ತಾಗುವ ಎರಡು ಸಾಲು ಮೊದಲೇ ಕುಣಿಕೆ ಇಳಿಸಲು ಶುರು ಮಾಡಿ. ಮುಚ್ಚಲು, ತುದಿ ಅಡಗಿಸಲು ಸ್ವಲ್ಪ ನೂಲು ಬೇಕಲ್ಲ, ಆ ಎರಡು ಸಾಲಿನ ಉಳಿತಾಯ ಅದಕ್ಕೇ.

20ರಿಂದ 50 ಗ್ರಾಂ ಇದ್ದರೆ?

ಆಗ ನಿಜವಾಗಿ ತೊಡುವಂಥ ವಸ್ತುಗಳಾಗುತ್ತವೆ. ಡಿಕೆ ನೂಲು 25ರಿಂದ 30 ಗ್ರಾಂ ಇದ್ದರೆ ಹಸುಗೂಸಿನ ಒಂದು ಟೋಪಿ, 4 ಮಿ.ಮೀ. ಕಡ್ಡಿಯಲ್ಲಿ 72 ಕುಣಿಕೆ ಏರಿಸಿದರೆ ಸುತ್ತಳತೆ ಸುಮಾರು 33 ಸೆಂ.ಮೀ. ಬರುತ್ತದೆ. 30-40 ಗ್ರಾಮಿಗೆ ಕಿವಿ ಮುಚ್ಚುವ ತಲೆಪಟ್ಟಿ. 40-50 ಗ್ರಾಮಿಗೆ ಬೆರಳಿಲ್ಲದ ಮಣಿಕಟ್ಟಿನ ಗವುಸು. ವರ್ಸ್ಟೆಡ್ ಹತ್ತಿ ನೂಲು 40-50 ಗ್ರಾಂ ಇದ್ದರೆ ಪಾತ್ರೆ ಒರೆಸುವ ಒಳ್ಳೆಯ ಬಟ್ಟೆ.

ಕಾಲುಚೀಲದ ನೂಲು ಉಳಿದರೆ ನನ್ನ ಸಲಹೆ ಬೇರೆ. ಅದನ್ನು ಮುಂದಿನ ಜೊತೆಯ ಹಿಮ್ಮಡಿಗೂ ಬೆರಳ ತುದಿಗೂ ಮೀಸಲಿಡಿ. ಆ ನಾಲ್ಕು ಜಾಗಕ್ಕೆ ಒಟ್ಟು 20 ಗ್ರಾಮಿನ ಆಸುಪಾಸು ಸಾಕು. ಹೊಸ ಉಂಡೆಯಲ್ಲಿ ಅಷ್ಟು ಉಳಿಯುವುದರಿಂದ ಕಾಲುಚೀಲದ ಉದ್ದವನ್ನು ಜಿಪುಣತನವಿಲ್ಲದೆ ಹೆಣೆಯಬಹುದು. ಕಾಲುಚೀಲದ ನೂಲಿನಲ್ಲಿ ಹೆಚ್ಚಾಗಿ ನೈಲಾನ್ ಬೆರೆತಿರುತ್ತದೆ. ಬೇಗ ಸವೆಯುವ ಜಾಗಕ್ಕೆ ಹೇಳಿ ಮಾಡಿಸಿದಂಥದ್ದು.

ಕೊನೆಯಲ್ಲಿ ನೂಲು ಸಾಲದೆ ಹೋದರೆ ಎಂಬ ಭಯ. ಒಂದು ಸಾಲಿಗೆ ಎಷ್ಟು ಬೇಕು?

ಸಾದಾ ಹೆಣಿಗೆಯಲ್ಲಿ ಒಂದು ಸಾಲು ಅದರ ಅಗಲದ ಮೂರರಿಂದ ಮೂರೂವರೆ ಪಟ್ಟು ನೂಲು ತಿನ್ನುತ್ತದೆ. ಕುಣಿಕೆ ಮುಚ್ಚಲು ಅಗಲದ ನಾಲ್ಕು ಪಟ್ಟು ಇಟ್ಟುಕೊಳ್ಳಿ. 20 ಸೆಂ.ಮೀ. ಅಗಲದ ಬಟ್ಟೆಯಾದರೆ ಮುಚ್ಚಲು 80 ಸೆಂ.ಮೀ., ತುದಿಗೆ ಇನ್ನು 15.

ನಾನು ಒಮ್ಮೆ 28 ಗ್ರಾಂ ಸಾಸಿವೆ ಹಳದಿ ನೂಲಿನಲ್ಲಿ ಮಗುವಿನ ಟೋಪಿ ಹೆಣೆಯುತ್ತಿದ್ದೆ. ನೆತ್ತಿ ಕೂಡಿಸಲು ಮೂರು ಸುತ್ತು ಇರುವಾಗ ನೂಲು ಮುಗಿಯಿತು. ಬಿಚ್ಚಲು ಮನಸ್ಸಾಗಲಿಲ್ಲ, ಬೂದು ಬಣ್ಣದ ಚೂರಿನಿಂದ ಆ ಮೂರು ಸುತ್ತು ಮುಗಿಸಿದೆ. ಟೋಪಿಯೇನೋ ಆಯಿತು, ಆದರೆ ನೆತ್ತಿಯ ಬೂದು ತೇಪೆಯ ಹಾಗೆ ಕಾಣುತ್ತಿತ್ತು. ಕೆಳಗಿನ ಪಟ್ಟಿಯನ್ನೂ ಬೂದು ಬಣ್ಣದಲ್ಲೇ ಹೆಣೆದಿದ್ದರೆ ಅದು ವಿನ್ಯಾಸವಾಗುತ್ತಿತ್ತು. ಅಂದಿನಿಂದ ಅನುಮಾನವಿದ್ದಾಗಲೆಲ್ಲ ಅಂಚಿನಲ್ಲೇ ಎರಡನೆಯ ಬಣ್ಣ ಸೇರಿಸುತ್ತೇನೆ. ಕೊನೆಯಲ್ಲಿ ಅದೇ ಬಣ್ಣ ಮರಳಿ ಬಂದರೆ ನೋಡುವವರಿಗೆ ಕೊರತೆ ಕಾಣುವುದಿಲ್ಲ.

ಬೇರೆ ಬೇರೆ ದಪ್ಪದ ನೂಲನ್ನು ಒಂದೇ ವಸ್ತುವಿನಲ್ಲಿ ಬಳಸಬಹುದೇ?

ತೆಳುವಾದದ್ದನ್ನು ಜೋಡಿ ಎಳೆ ಮಾಡಿ ಬಳಸಿ. 4 ಪ್ಲೈ ಎರಡು ಎಳೆ ಸೇರಿದರೆ ಹೆಚ್ಚುಕಡಿಮೆ ಡಿಕೆ ದಪ್ಪ. ಡಿಕೆ ಎರಡು ಎಳೆಗೆ 6 ಮಿ.ಮೀ. ಕಡ್ಡಿಯಿಂದ ಪ್ರಯತ್ನಿಸಿ. ಎರಡು ಬೇರೆ ಬಣ್ಣದ ಎಳೆ ಜೋಡಿಸಿದರೆ ಚುಕ್ಕೆಚುಕ್ಕೆಯ ಒಂದು ಹೊಸ ಬಣ್ಣ ಹುಟ್ಟುತ್ತದೆ, ಕಣ್ಣಿಗೆ ಚುಚ್ಚುವ ಬಣ್ಣವೂ ಬೂದು ಬಣ್ಣದ ಜೊತೆ ಸೇರಿ ತಣ್ಣಗಾಗುತ್ತದೆ.

ದಪ್ಪಕ್ಕಿಂತ ನಾನು ಹೆಚ್ಚು ಎಚ್ಚರ ವಹಿಸುವುದು ಒಗೆಯುವ ರೀತಿಯಲ್ಲಿ. ಯಂತ್ರದಲ್ಲಿ ಒಗೆಯಬಹುದಾದ ಸೂಪರ್‌ವಾಶ್ ಉಣ್ಣೆಯ ಪಕ್ಕ ಸಾದಾ ಉಣ್ಣೆ ಹೆಣೆದರೆ, ಒಂದೇ ಬಿಸಿನೀರಿನ ಒಗೆತದಲ್ಲಿ ಸಾದಾ ಉಣ್ಣೆ ಕುಗ್ಗಿ ಜಮಖಾನೆಯಂತೆ ಗಟ್ಟಿಯಾಗುತ್ತದೆ, ಪಕ್ಕದ್ದು ಹಾಗೇ ಇರುತ್ತದೆ. ಇಡೀ ವಸ್ತು ಸೊಟ್ಟಗಾಗುತ್ತದೆ. ಬಣ್ಣ, ದಪ್ಪ ಎರಡೂ ಹೊಂದಿದರೂ ಇವೆರಡನ್ನು ಜೊತೆ ಮಾಡಬೇಡಿ.

ಬಣ್ಣಗಳು ಒಂದಕ್ಕೊಂದು ಹೊಂದುತ್ತಿಲ್ಲ.

ಉಂಡೆಗಳನ್ನು ಸಾಲಾಗಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು, ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿ ನೋಡಿ. ಬಣ್ಣ ಮಾಯವಾಗಿ ತಿಳಿ-ಗಾಢ ಮಾತ್ರ ಉಳಿಯುತ್ತದೆ. ಕೆಂಪು ಮತ್ತು ಹಸಿರು ಕಣ್ಣಿಗೆ ಎಷ್ಟೋ ಬೇರೆ ಎನಿಸಿದರೂ ಫೋಟೋದಲ್ಲಿ ಒಂದೇ ಬೂದು ಬಣ್ಣವಾಗಿ ಕಂಡರೆ, ಅವುಗಳಿಂದ ಹೆಣೆದ ಸಣ್ಣ ಚಿತ್ರ ಎದ್ದು ಕಾಣುವುದಿಲ್ಲ. ಪಟ್ಟೆಗಾದರೆ ಪರವಾಗಿಲ್ಲ.

ಎಲ್ಲವನ್ನೂ ಒಟ್ಟುಗೂಡಿಸುವ ಒಂದು ಬಣ್ಣ ಇಟ್ಟುಕೊಳ್ಳಿ. ಕೆನೆ, ಬೂದು, ಗಾಢ ನೀಲಿ, ಯಾವುದಾದರೂ ಸರಿ. ಪ್ರತಿ ಚೂರಿನ ನಡುವೆ ಆ ಬಣ್ಣದ ಎರಡು ಸಾಲು ಬಂದರೆ ಜಗಳವಾಡುತ್ತಿದ್ದ ಬಣ್ಣಗಳೂ ಸುಮ್ಮನಾಗುತ್ತವೆ.

ಅಂದಹಾಗೆ, ಒಂದೇ ಹೆಸರಿನ ಬಣ್ಣವಾದರೂ ಬೇರೆ ಡೈ ಲಾಟ್‌ನ, ಅಂದರೆ ಬೇರೆ ಬೇರೆ ಸಲ ಬಣ್ಣ ಹಾಕಿದ, ಎರಡು ಉಂಡೆಗಳು ಹೆಣೆದ ಮೇಲೆ ಗೆರೆ ಎಳೆದಂತೆ ಬೇರೆಯಾಗಿ ಕಾಣಬಹುದು. ಎರಡೆರಡು ಸಾಲಿಗೆ ಉಂಡೆ ಬದಲಿಸುತ್ತ ಹೋದರೆ ಆ ಗೆರೆ ಕರಗುತ್ತದೆ.

ಇಷ್ಟೊಂದು ಬಣ್ಣ ಬದಲಿಸಿದರೆ ತುದಿಗಳು ಲೆಕ್ಕವಿಲ್ಲದಷ್ಟು ಬರುತ್ತವಲ್ಲ?

ಬರುತ್ತವೆ. ಉಳಿಕೆ ನೂಲಿನ ಕೆಲಸ ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಟ್ಟೆಗಳನ್ನು ಯಾವಾಗಲೂ ಸಮಸಂಖ್ಯೆಯ ಸಾಲುಗಳಲ್ಲಿ ಹೆಣೆಯಿರಿ. ಆಗ ನೂಲು ಹೊರಟ ಅಂಚಿಗೇ ಮರಳುತ್ತದೆ, ಕತ್ತರಿಸದೆ ಅಂಚಿನುದ್ದಕ್ಕೆ ಮೇಲಕ್ಕೆ ಒಯ್ಯಬಹುದು. ಸಾದಾ ಉಣ್ಣೆಯಾದರೆ ತುದಿಯೇ ಇಲ್ಲದ ಜೋಡಣೆ ಸಾಧ್ಯ: ಎರಡೂ ತುದಿಗಳನ್ನು 5 ಸೆಂ.ಮೀ. ಬಿಡಿಸಿ ಹಿಂಜಿ, ಅಂಗೈ ಮೇಲೆ ಒಂದರ ಮೇಲೊಂದಿಟ್ಟು, ನೀರು ಚಿಮುಕಿಸಿ, ಅಂಗೈ ಬಿಸಿಯಾಗುವವರೆಗೆ ಜೋರಾಗಿ ಉಜ್ಜಿ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಒಂದೇ ನೂಲಾಗುತ್ತವೆ. ಮೊದಲ ಸಲ ಅದು ಕೈಯಲ್ಲಿ ಕೂಡಿಕೊಂಡದ್ದನ್ನು ನೋಡುವ ಸಂತೋಷವೇ ಬೇರೆ. ಸೂಪರ್‌ವಾಶ್, ಹತ್ತಿ, ಅಕ್ರಿಲಿಕ್‌ಗೆ ಇದು ಆಗದು.

ಅವುಗಳಿಗೆ 15 ಸೆಂ.ಮೀ. ತುದಿ ಬಿಟ್ಟು, ಮೊಂಡು ಮೂತಿಯ ಸೂಜಿಯಿಂದ ಹಿಂಬದಿಯಲ್ಲಿ 5 ಸೆಂ.ಮೀ. ಒಂದು ದಿಕ್ಕಿಗೆ ನುಗ್ಗಿಸಿ, ತಿರುಗಿಸಿ ಮತ್ತೆ ಎದುರು ದಿಕ್ಕಿಗೆ ತನ್ನಿ. ಅಕ್ರಿಲಿಕ್ ನುಣುಪು, ಒಂದೇ ದಿಕ್ಕಿಗೆ ಅಡಗಿಸಿದರೆ ಎರಡು ಒಗೆತದಲ್ಲಿ ಹೊರಗೆ ಇಣುಕುತ್ತದೆ. ಈ ಕೆಲಸವನ್ನು ಕೊನೆಗೆ ಉಳಿಸಬೇಡಿ. ನಾಲ್ಕೈದು ತುದಿ ಆದಾಗಲೆಲ್ಲ ಮುಗಿಸಿಬಿಡಿ.

ಗಂಟು ಹಾಕಿ ಒಂದೇ ದೊಡ್ಡ ಉಂಡೆ ಮಾಡಿಕೊಳ್ಳಬಹುದೇ?

ಹೊದಿಕೆಗೆ, ಚೀಲಕ್ಕೆ ಅಡ್ಡಿಯಿಲ್ಲ. ಮೈಗೆ ತಾಗುವ ಬಟ್ಟೆಗೆ, ಕಾಲುಚೀಲಕ್ಕೆ ಬೇಡ. ಕಾಲಡಿಯ ಗಂಟು ಕಲ್ಲಿನಂತೆ ಒತ್ತುತ್ತದೆ.

ಚೂರುಗಳಿಂದ ಕಂಬಳಿ ಮಾಡುವ ಆಸೆ. ಎಷ್ಟು ನೂಲು ಬೇಕು?

ಚಿಕ್ಕ ಚೌಕಗಳ ಕಂಬಳಿಯ ಸೊಗಸೆಂದರೆ ಒಂದು ಚೌಕ ಒಂದು ಸಂಜೆಗೂ ಕಡಿಮೆ ಕೆಲಸ. ಡಿಕೆ ನೂಲಿನಲ್ಲಿ 31 ಕುಣಿಕೆ ಏರಿಸಿ, ಒಂದು ಸಾಲು ನಿಟ್ ಮಾಡಿ. ಮುಂದಿನ ಸಾಲಿನಲ್ಲಿ 14 ಹೆಣೆದು, ನಡುವಿನ ಮೂರನ್ನು ಒಂದಾಗಿ ಹೆಣೆದು, ಮತ್ತೆ 14. ಹಿಂಬದಿ ಸಾಲು ಸಾದಾ ನಿಟ್. ಅದರ ಮುಂದಿನದು 13, ಮೂರು ಒಂದಾಗಿ, 13. ಹೀಗೆ ಇಳಿಯುತ್ತ ಕೊನೆಗೆ ಒಂದೇ ಕುಣಿಕೆ ಉಳಿಯುತ್ತದೆ, ಚೌಕದ ನಡುವೆ ಕರ್ಣದ ಗೆರೆ ಮೂಡುತ್ತದೆ. ಸುಮಾರು 7 ಸೆಂ.ಮೀ. ಚೌಕ, 3 ಗ್ರಾಂ ನೂಲು. ಮುಂದಿನ ಚೌಕಕ್ಕೆ ಹಿಂದಿನದರ ಅಂಚಿನಿಂದಲೇ 15 ಕುಣಿಕೆ ಎತ್ತಿಕೊಂಡು, ಉಳಿದ 16 ಹೊಸದಾಗಿ ಏರಿಸಿದರೆ ಹೊಲಿಯುವ ಕೆಲಸವೂ ಇಲ್ಲ.

ಒಂದು ಮೀಟರ್ ಚೌಕದ ಕಂಬಳಿಗೆ 14 ಸಾಲು, ಸಾಲಿಗೆ 14, ಅಂದರೆ 196 ಚೌಕ. ನೂಲು 600 ಗ್ರಾಮಿನ ಹತ್ತಿರ. ಒಂದೇ ತಿಂಗಳಲ್ಲಿ ಮುಗಿಸಬೇಕೆಂದು ಕೂರಬೇಡಿ, ಇದು ನೂಲು ಉಳಿದಂತೆಲ್ಲ ಬೆಳೆಯುವ ಕೆಲಸ. ಹೊಸ ಸ್ವೆಟರ್ ಮುಗಿದಾಗ ಅದರ ನೆನಪಿಗೆ ಎರಡು ಚೌಕ ಸೇರಿಸಿ.

ಹಳೆಯ ಸ್ವೆಟರ್ ಬಿಚ್ಚಿದ ನೂಲು ಗುಂಗುರು ಗುಂಗುರಾಗಿದೆ.

ಹಾಗೇ ಹೆಣೆದರೆ ಕುಣಿಕೆಗಳು ಏರುಪೇರಾಗುತ್ತವೆ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಲ್ಲಿ ತೂಗುಹಾಕಿ. ಉಣ್ಣೆ ನೇರವಾಗುತ್ತದೆ. ಸುತ್ತುವಾಗ ಆಗಾಗ ಎಳೆದು ನೋಡಿ. ಪಟ್ಟನೆ ತುಂಡಾಗುವ ನೂಲನ್ನು ಬದಿಗಿಡಿ.

ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಹೆಣೆಯಬಹುದೇ?

ಹತ್ತಿ ಅಥವಾ ಉಣ್ಣೆಯಲ್ಲಿ, ಎರಡು ಪದರವಾಗಿ, ಬಿಗಿಯಾಗಿ. ಅಕ್ರಿಲಿಕ್‌ನಲ್ಲಿ ಎಂದಿಗೂ ಬೇಡ. ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ನೂಲು ಯಾವುದೆಂದು ಖಚಿತವಿಲ್ಲದಿದ್ದರೆ ಅದನ್ನು ಬೇರೇನಕ್ಕಾದರೂ ಬಳಸಿ.

ಮಗುವಿನ ವಸ್ತುಗಳಿಗೆ ಏನು ಗಮನಿಸಬೇಕು?

ಒಳಬದಿಯಲ್ಲಿ ಉದ್ದ ಎಳೆಗಳು ಹಾಯ್ದಿರಬಾರದು, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಕುತ್ತಿಗೆಗೆ ಕಟ್ಟುವ ದಾರ, ಸಡಿಲ ಗುಂಡಿ, ಕೀಳಬಹುದಾದ ಉಲ್ಲನ್ ಚೆಂಡು ಬೇಡ. ತಾಯಿಗೆ ಒಗೆಯಲು ಸುಲಭವಾಗುವ ನೂಲನ್ನೇ ಆರಿಸಿ. ಗಾಢ ಕೆಂಪು, ನೀಲಿ, ಕಪ್ಪು ಬಣ್ಣಗಳನ್ನು ತಿಳಿ ಬಣ್ಣದ ಜೊತೆ ಹೆಣೆಯುವ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ನೂಲನ್ನು ಒತ್ತಿ ಸ್ವಲ್ಪ ಹೊತ್ತು ಬಿಡಿ. ಬಟ್ಟೆಗೆ ಬಣ್ಣ ಹತ್ತಿದರೆ ಬೇರೆ ನೂಲು ನೋಡಿ.

ಗೇಣುದ್ದದ ತುಂಡುಗಳನ್ನು ಎಸೆಯಲೇ?

ಎಸೆಯಬೇಡಿ. ನುಣುಪಾದ ಹತ್ತಿ ತುಂಡುಗಳು ಹೆಣಿಗೆಯ ಉಪಕರಣಗಳೇ. ಪುಟ್ಟ ಕುಣಿಕೆ ಕಟ್ಟಿ ಕಡ್ಡಿಗೆ ಸೇರಿಸಿದರೆ ಗುರುತಿನ ಉಂಗುರ. ಸ್ವಲ್ಪ ಉದ್ದದ್ದಾದರೆ ತೋಳಿನ ಕುಣಿಕೆಗಳನ್ನು ಕಾದಿರಿಸಲು ಬರುತ್ತದೆ. ಕಷ್ಟದ ವಿನ್ಯಾಸ ಹೆಣೆಯುವಾಗ ಒಂದು ಸಾಲಿನ ಎಲ್ಲ ಕುಣಿಕೆಗಳ ಮೂಲಕ ಬೇರೆ ಬಣ್ಣದ ನೂಲು ಪೋಣಿಸಿಟ್ಟರೆ, ಮುಂದೆ ತಪ್ಪಾಗಿ ಬಿಚ್ಚಬೇಕಾದಾಗ ಅಲ್ಲಿಗೆ ಬಂದು ನಿಲ್ಲುತ್ತದೆ. ಇನ್ನೂ ಚಿಕ್ಕ ಚೂರುಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡಿ. ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ, ಗೊಂಬೆಯ ಹೊಟ್ಟೆಗೆ ತುಂಬಲು ಆಗುತ್ತವೆ. ಗೊಂಬೆಗೆ ತುಂಬುವಾಗ ಗಾಢ ಬಣ್ಣದ ಚೂರು ತಿಳಿ ಹೆಣಿಗೆಯ ಮೂಲಕ ಕಾಣುತ್ತದೆ ಎಂಬುದು ನೆನಪಿರಲಿ.

ಹಕ್ಕಿಗಳು ಗೂಡು ಕಟ್ಟಲೆಂದು ಚೂರುಗಳನ್ನು ಹೊರಗಿಡಬಹುದೇ?

ದಯವಿಟ್ಟು ಬೇಡ. ನೂಲು ಮರಿಗಳ ಕಾಲಿಗೆ, ರೆಕ್ಕೆಗೆ ಸುತ್ತಿಕೊಂಡು ರಕ್ತ ಓಡದಂತೆ ಬಿಗಿಯುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದರೂ ಅವುಗಳ ಜೀವಕ್ಕೆ ಕುತ್ತು.

ಉಳಿದ ನೂಲನ್ನು ಇಡುವುದು ಹೇಗೆ? ನುಸಿಯ ಭಯವಿದೆ.

ನುಸಿಯ ಮರಿಹುಳು ತಿನ್ನುವುದು ಉಣ್ಣೆಯಂಥ ಪ್ರಾಣಿಜನ್ಯ ನೂಲನ್ನು. ಶುದ್ಧ ಹತ್ತಿ, ಅಕ್ರಿಲಿಕ್ ಅದಕ್ಕೆ ಆಹಾರವಲ್ಲ. ಉಣ್ಣೆಯನ್ನು ಬಾಯಿ ಭದ್ರವಾದ ಪಾರದರ್ಶಕ ಚೀಲಗಳಲ್ಲಿ ಬೇರೆಬೇರೆಯಾಗಿಡಿ, ಲೇಬಲ್ಲೂ ಒಳಗೇ ಇರಲಿ. ಅನುಮಾನ ಬಂದರೆ ಚೀಲ ಸಮೇತ ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ಚೀಲ ತೆರೆಯಬೇಡಿ, ಇಲ್ಲದಿದ್ದರೆ ನೂಲಿನ ಮೇಲೆ ನೀರು ಕೂರುತ್ತದೆ. ಉಂಡೆ ಸುತ್ತುವಾಗ ನೂಲಿನ ಜೊತೆ ಎರಡು ಬೆರಳೂ ಸೇರಿಸಿ ಸುತ್ತಿ, ಆಗಾಗ ಬೆರಳು ಎಳೆದುಕೊಳ್ಳಿ. ಉಂಡೆ ಮೆತ್ತಗಿರುತ್ತದೆ, ನೂಲು ಹಿಗ್ಗುವುದಿಲ್ಲ.

ಎಲ್ಲವನ್ನೂ ಬಳಸಿ ಖಾಲಿ ಮಾಡಬೇಕೇ?

ಬೇಡ. ನೀವೇ ಹೆಣೆದ ಪ್ರತಿ ಉಡುಪಿನ ನೂಲಿನಲ್ಲೂ ನಾಲ್ಕೈದು ಗ್ರಾಂ ದುರಸ್ತಿಗೆಂದು ಎತ್ತಿಡಿ. ಮೊಣಕೈ ಸವೆದಾಗ, ಕುಣಿಕೆ ಹರಿದಾಗ ಅದೇ ಬಣ್ಣದ ನೂಲು ಎಲ್ಲಿಯೂ ಸಿಗುವುದಿಲ್ಲ. ಆ ನೂಲನ್ನು ಬೀರುವಿನಲ್ಲಿ ಇಟ್ಟರೆ ಅದು ಹೊಸದಾಗಿಯೇ ಉಳಿಯುತ್ತದೆ, ಸ್ವೆಟರ್ ಮಾತ್ರ ಒಗೆದು ಒಗೆದು ಮಾಸುತ್ತದೆ, ಹೊಲಿದ ಜಾಗ ಎದ್ದು ಕಾಣುತ್ತದೆ. ಒಂದೆರಡು ಮೀಟರಿನ ಪುಟ್ಟ ಲಡಿ ಮಾಡಿ ಸ್ವೆಟರಿನ ಒಳಗಿನ ಪಕ್ಕದ ಹೊಲಿಗೆಗೆ ಕಟ್ಟಿಬಿಡಿ. ಉಡುಪಿನ ಜೊತೆಗೇ ಒಗೆಯುತ್ತ, ಜೊತೆಗೇ ಮಾಸುತ್ತ ಅಲ್ಲಿರುತ್ತದೆ, ಬೇಕಾದ ದಿನ ಬಣ್ಣ ಹೊಂದುತ್ತದೆ.